32 ಅಭಿಪ್ರಾಯ, ಒಂದು ಬಡ್ತಿ: ಆನ್ ಹಾಪ್ಕಿನ್ಸ್ ಪ್ರಕರಣ

ಬಡ್ತಿ ಯಾಕೆ ಸಿಗಲಿಲ್ಲ ಎಂದು ಆನ್ ಹಾಪ್ಕಿನ್ಸ್ ಕೇಳಿದರು. ಮುಂದಿನ ಸಲ ಸಿಗಬೇಕಾದರೆ ಏನು ಮಾಡಬೇಕು ಎಂದೂ ಕೇಳಿದರು. ಸಿಕ್ಕ ಸಲಹೆ ಇದು: ಇನ್ನಷ್ಟು ಹೆಂಗಸಿನ ಹಾಗೆ ನಡೆಯಿರಿ, ಹೆಂಗಸಿನ ಹಾಗೆ ಮಾತಾಡಿ, ಹೆಂಗಸಿನ ಹಾಗೆ ಬಟ್ಟೆ ಹಾಕಿಕೊಳ್ಳಿ, ಮೇಕಪ್ ಮಾಡಿಕೊಳ್ಳಿ, ಕೂದಲು ಸರಿ ಮಾಡಿಸಿಕೊಳ್ಳಿ, ಒಡವೆ ಹಾಕಿಕೊಳ್ಳಿ.

ಈ ಮಾತು ಹೇಳಿದವರು ಹಾಪ್ಕಿನ್ಸ್ ಅವರ ವಿರೋಧಿ ಅಲ್ಲ. ಅವರದೇ ಕಚೇರಿಯ ಹಿರಿಯ ಪಾಲುದಾರ. ಅವರ ಬಡ್ತಿಯ ಪರ ಇದ್ದವರು.

ಇದು 1983ರ ಮಾತು. ಜಾಗ ಅಮೆರಿಕದ ವಾಷಿಂಗ್ಟನ್. ಸಂಸ್ಥೆ ಪ್ರೈಸ್ ವಾಟರ್‌ಹೌಸ್, ಆ ಕಾಲದ ದೊಡ್ಡ ಅಕೌಂಟಿಂಗ್ ಸಂಸ್ಥೆಗಳಲ್ಲಿ ಒಂದು. ಮುಂದೆ ಹಾಪ್ಕಿನ್ಸ್ ಕೋರ್ಟಿಗೆ ಹೋದರು. 1989ರ ಮೇ 1ರಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇವತ್ತಿಗೂ ಕಾನೂನು ಓದುವವರಿಗೆ ಲಿಂಗ ತಾರತಮ್ಯದ ಪಾಠ ಎಂದರೆ ಈ ಪ್ರಕರಣ ಬಂದೇ ಬರುತ್ತದೆ.

ನಾನು ಇದನ್ನು ಇನ್ನೊಂದು ಕಾರಣಕ್ಕೆ ಮತ್ತೆ ಮತ್ತೆ ಓದಿದ್ದೇನೆ. ಸಾಮಾನ್ಯವಾಗಿ ಒಬ್ಬರ ಬಡ್ತಿಯ ಬಗ್ಗೆ ಮೇಲಿನವರು ಏನು ಮಾತಾಡಿಕೊಂಡರು ಎನ್ನುವುದು ಹೊರಗೆ ಬರುವುದೇ ಇಲ್ಲ. ಬಾಗಿಲು ಹಾಕಿದ ಕೋಣೆಯಲ್ಲಿ ಹುಟ್ಟಿ ಅಲ್ಲೇ ಉಳಿದುಬಿಡುತ್ತದೆ. ಹಾಪ್ಕಿನ್ಸ್ ವಿಷಯದಲ್ಲಿ ಅದೆಲ್ಲ ಕೋರ್ಟಿನ ದಾಖಲೆಗೆ ಬಂತು. ಯಾರು ಏನು ಬರೆದರು, ಎಷ್ಟು ಜನ ಪರ, ಎಷ್ಟು ಜನ ವಿರೋಧ, ಯಾರು ಕೊನೆಗೆ ಕೈಬಿಟ್ಟರು, ಎಲ್ಲವೂ. ಕೆಲಸದ ಜಾಗದ ಸಂಬಂಧಗಳು ಒಬ್ಬರನ್ನು ಹೇಗೆ ಮೇಲೆತ್ತುತ್ತವೆ, ಹೇಗೆ ತಡೆಯುತ್ತವೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಕಂಡಿಲ್ಲ.

ಬಡ್ತಿಯ ದಾರಿ

ಹಾಪ್ಕಿನ್ಸ್ ಸೀನಿಯರ್ ಮ್ಯಾನೇಜರ್ ಆಗಿದ್ದರು. ಅದರ ಮೇಲಿನ ಮೆಟ್ಟಿಲು ಪಾಲುದಾರಿಕೆ, ಅಂದರೆ ಸಂಸ್ಥೆಯ ಒಡೆಯರಲ್ಲಿ ಒಬ್ಬರಾಗುವುದು. ಅಲ್ಲಿಗೆ ಹೋಗುವ ದಾರಿ ಹೀಗಿತ್ತು. ಮೊದಲು ನಿಮ್ಮ ಕಚೇರಿಯ ಪಾಲುದಾರರು ನಿಮ್ಮ ಹೆಸರು ಕಳಿಸಬೇಕು. ಆಮೇಲೆ ದೇಶದ ಎಲ್ಲ ಕಡೆ ಇರುವ ಉಳಿದ ಪಾಲುದಾರರು ತಮ್ಮ ಅಭಿಪ್ರಾಯ ಬರೆದು ಕಳಿಸಬಹುದು. ಅದಕ್ಕೆ ಎರಡು ಬಗೆಯ ಫಾರಂ. ನಿಮ್ಮನ್ನು ಚೆನ್ನಾಗಿ ಬಲ್ಲವರಿಗೆ ಉದ್ದದ ಫಾರಂ, ಅಷ್ಟಾಗಿ ಒಡನಾಟ ಇಲ್ಲದವರಿಗೆ ಚಿಕ್ಕ ಫಾರಂ. ಒಂದು ಸಮಿತಿ ಇದನ್ನೆಲ್ಲ ಓದಿ, ಬರೆದವರ ಜೊತೆ ಮಾತಾಡಿ, ಶಿಫಾರಸು ಮಾಡುತ್ತದೆ. ಅದರ ಮೇಲಿನ ಮಂಡಳಿ ಮೂರರಲ್ಲಿ ಒಂದು ತೀರ್ಮಾನ ಮಾಡುತ್ತದೆ. ಹೆಸರನ್ನು ಎಲ್ಲ ಪಾಲುದಾರರ ಮತಕ್ಕೆ ಹಾಕುವುದು, ಬೇಡ ಎನ್ನುವುದು, ಇಲ್ಲವೇ ಒಂದು ವರ್ಷ ತಡೆಹಿಡಿಯುವುದು.

ಇಷ್ಟು ಜನ ಒಳ್ಳೆಯದು ಬರೆದರೆ ಬಡ್ತಿ ಖಚಿತ ಎಂಬ ಲೆಕ್ಕ ಇರಲಿಲ್ಲ. ಇಷ್ಟು ಜನ ಕೆಟ್ಟದ್ದು ಬರೆದರೆ ಇಲ್ಲ ಎಂಬ ಲೆಕ್ಕವೂ ಇರಲಿಲ್ಲ. ಒಂದು ವರ್ಷದಲ್ಲಿ ಇಷ್ಟೇ ಜನರನ್ನು ತೆಗೆದುಕೊಳ್ಳಬೇಕು ಎಂಬ ಮಿತಿಯೂ ಇಲ್ಲ. ಎಲ್ಲವೂ ಮಾತಿನ ಮೇಲೆ ನಿಂತಿತ್ತು. ಹೀಗೆ ಅಳತೆಗೋಲು ಇಲ್ಲದ ಕಡೆ ಸಂಬಂಧಗಳ ತೂಕ ತಾನಾಗಿಯೇ ಜಾಸ್ತಿಯಾಗುತ್ತದೆ.

1982ರಲ್ಲಿ ಹಾಪ್ಕಿನ್ಸ್ ಅವರ ಹೆಸರು ಹೋಯಿತು. ಆ ಸಲ ಒಟ್ಟು 88 ಹೆಸರು. ಅದರಲ್ಲಿ ಹೆಂಗಸು ಅವರೊಬ್ಬರೇ. ಸಂಸ್ಥೆಯಲ್ಲಿ ಆಗ 662 ಪಾಲುದಾರರು, ಅವರಲ್ಲಿ ಹೆಂಗಸರು 7. ಕೊನೆಗೆ 47 ಜನರಿಗೆ ಬಡ್ತಿ ಸಿಕ್ಕಿತು, 21 ಜನರಿಗೆ ಇಲ್ಲ ಎಂದಾಯಿತು. ಉಳಿದ 20 ಹೆಸರು ತಡೆಹಿಡಿಯಲಾಯಿತು. ಹಾಪ್ಕಿನ್ಸ್ ಈ ಕೊನೆಯ ಗುಂಪಿನಲ್ಲಿದ್ದರು.

ಕೆಲಸ ಕಡಿಮೆ ಇತ್ತಾ ಎಂದರೆ ಅದೂ ಇಲ್ಲ. ಎರಡು ವರ್ಷ ದುಡಿದು ಅಮೆರಿಕದ ವಿದೇಶಾಂಗ ಇಲಾಖೆಯಿಂದ 2.5 ಕೋಟಿ ಡಾಲರ್‌ನ ಕೆಲಸ ತಂದವರು ಅವರು. ಅವರ ಕಚೇರಿಯ ಪಾಲುದಾರರೇ ಬರೆದ ಪತ್ರದಲ್ಲಿ ಈ ಕೆಲಸವನ್ನು ಬಹುಮಟ್ಟಿಗೆ ಪಾಲುದಾರರ ಮಟ್ಟದಲ್ಲೇ ಮಾಡಿದ್ದಾರೆ ಎಂಬ ಮೆಚ್ಚುಗೆ ಇತ್ತು. ಆ ವರ್ಷದ ಬೇರೆ ಯಾವ ಅಭ್ಯರ್ಥಿಗೂ ದೊಡ್ಡ ಗುತ್ತಿಗೆ ತಂದುಕೊಟ್ಟ ಇಂಥ ಸಾಧನೆ ಇರಲಿಲ್ಲ ಎಂದು ಮುಂದೆ ವಿಚಾರಣಾ ನ್ಯಾಯಾಧೀಶರೇ ಹೇಳಿದರು. ಕ್ಲೈಂಟ್‌ಗಳೂ ಅವರನ್ನು ಬಾಯಿತುಂಬ ಹೊಗಳಿದ್ದರು.

ಹಾಗಾದರೆ ತಡೆದದ್ದು ಏನು?

ಆ 32 ಜನ

ಹಾಪ್ಕಿನ್ಸ್ ಬಗ್ಗೆ ಅಭಿಪ್ರಾಯ ಬರೆದ ಪಾಲುದಾರರು 32. ಅವರಲ್ಲಿ 13 ಜನ ಬಡ್ತಿ ಕೊಡಿ ಎಂದರು. 3 ಜನ ಸದ್ಯಕ್ಕೆ ತಡೆಯಿರಿ ಎಂದರು. 8 ಜನ ಬೇಡ ಎಂದರು. ಇನ್ನು 8 ಜನ, ನಮಗೆ ಇವರ ಬಗ್ಗೆ ಹೇಳುವಷ್ಟು ಗೊತ್ತಿಲ್ಲ ಎಂದು ಬರೆದರು.

ಈ ಕೊನೆಯ ಸಂಖ್ಯೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ಅಭಿಪ್ರಾಯ ಕಳಿಸಿದವರಲ್ಲೇ ನಾಲ್ಕರಲ್ಲಿ ಒಬ್ಬರಿಗೆ ಅವರು ಅಷ್ಟಾಗಿ ಗೊತ್ತಿರಲಿಲ್ಲ. ಐದು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದವರು. ದೊಡ್ಡ ಕೆಲಸ ತಂದವರು. ಆದರೂ ತೀರ್ಮಾನ ಮಾಡುವವರಲ್ಲಿ ಹಲವರಿಗೆ ಅವರು ಒಂದು ಹೆಸರು ಮಾತ್ರ. ಇದು ಎಷ್ಟು ಜನರಿಗೆ ಆಗುವ ಕಥೆ, ಅಲ್ವಾ? ತಲೆ ಬಗ್ಗಿಸಿ ಕೆಲಸ ಮಾಡುತ್ತೇವೆ, ಕೆಲಸವೇ ನಮ್ಮ ಪರ ಮಾತಾಡುತ್ತದೆ ಎಂದುಕೊಳ್ಳುತ್ತೇವೆ. ಆ ಕೋಣೆಯಲ್ಲಿ ಕೆಲಸಕ್ಕೆ ಬಾಯಿ ಇರುವುದಿಲ್ಲ. ಅದನ್ನು ಕಂಡವರು ಯಾರಾದರೂ ಬಾಯಿ ಬಿಟ್ಟು ಹೇಳಬೇಕು.

ಗೊತ್ತಿಲ್ಲ ಎಂದು ಒಪ್ಪಿಕೊಂಡ ಆ 8 ಜನರ ಬಗ್ಗೆ ನನಗೆ ಗೌರವವಿದೆ. ಏಕೆಂದರೆ ಸರಿಯಾಗಿ ಗೊತ್ತಿಲ್ಲದೆಯೂ ಗಟ್ಟಿಯಾಗಿ ಬರೆದವರು ಬೇರೆ ಇದ್ದರು. ಸೂಸನ್ ಫಿಸ್ಕ್ ಎಂಬ ಮನಶ್ಶಾಸ್ತ್ರಜ್ಞೆ ಕೋರ್ಟಿನಲ್ಲಿ ಸಾಕ್ಷಿ ಹೇಳಿದಾಗ ಇದನ್ನೇ ಎತ್ತಿ ತೋರಿಸಿದರು. ಹಾಪ್ಕಿನ್ಸ್ ಜೊತೆ ಹೆಚ್ಚು ಒಡನಾಟವೇ ಇಲ್ಲದ ಕೆಲವು ಪಾಲುದಾರರು ಅವರ ಬಗ್ಗೆ ತೀರಾ ಕಟುವಾಗಿ ಬರೆದಿದ್ದರು. ಹತ್ತಿರದಿಂದ ನೋಡದವರಿಗೆ ಅಷ್ಟು ಸಿಟ್ಟು ಎಲ್ಲಿಂದ ಬಂತು? ಹೆಂಗಸು ಹೀಗಿರಬೇಕು ಎಂದು ಮೊದಲೇ ಮನಸ್ಸಿನಲ್ಲಿದ್ದ ಚಿತ್ರದಿಂದ, ಎಂದು ಅವರು ವಿವರಿಸಿದರು. ಇಡೀ ಗುಂಪಿನಲ್ಲಿ ಒಬ್ಬಳೇ ಹೆಂಗಸು ಇದ್ದಾಗ, ಅಳೆಯುವ ರೀತಿಯೂ ಸಡಿಲ ಇದ್ದಾಗ, ಆ ಚಿತ್ರ ಇನ್ನೂ ಬೇಗ ಕೆಲಸ ಮಾಡುತ್ತದೆ.

ಮುಖ ನೋಡಿ ಮಣೆ ಹಾಕುವುದು ಎಂದು ನಮ್ಮಲ್ಲಿ ಹೇಳುತ್ತಾರೆ. ಇಲ್ಲಿ ಸರಿಯಾಗಿ ಮುಖವನ್ನೂ ನೋಡಿರಲಿಲ್ಲ.

ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞರ 1973ರ ಒಂದು ಲೇಖನ ಈ ವಿಷಯದಲ್ಲಿ ತುಂಬ ಹೆಸರುವಾಸಿ. ಪರಿಚಯಸ್ಥರ ಮೂಲಕ ಹೊಸ ಕೆಲಸ ಹಿಡಿದವರನ್ನು ಅವರು ಕೇಳಿದರು: ಆ ಪರಿಚಯಸ್ಥರನ್ನು ನೀವು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ಆಗಾಗ ಎಂದವರು 16.7 ಪ್ರತಿಶತ. ಯಾವಾಗಲೋ ಒಮ್ಮೆ ಎಂದವರು 55.6. ಬಹಳ ಅಪರೂಪ ಎಂದವರು 27.8. ಅಂದರೆ ಆಪ್ತರಿಗಿಂತ ಮುಖಪರಿಚಯದವರೇ ಕೆಲಸದ ಸುದ್ದಿ ತಂದಿದ್ದರು. ಕಾರಣ ಸರಳ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ದೂರದವರು ಬೇರೆ ಲೋಕದಲ್ಲಿ ಓಡಾಡುತ್ತಾರೆ. ಲಿಂಕ್ಡ್‌ಇನ್ ಬಳಸುವ 2 ಕೋಟಿ ಜನರನ್ನು ಐದು ವರ್ಷ ಗಮನಿಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೂ ಇದಕ್ಕೆ ಹತ್ತಿರದ ಮಾತನ್ನೇ ಹೇಳಿತು. ತೀರಾ ದೂರ ಅಲ್ಲದ, ಆಪ್ತವೂ ಅಲ್ಲದ ಪರಿಚಯ ಹೊಸ ಕೆಲಸಕ್ಕೆ ಹೆಚ್ಚು ನೆರವಾಗಿತ್ತು.

ಇದನ್ನು ಓದಿದವರು ಎಲ್ಲ ಕಡೆ ಪರಿಚಯ ಬೆಳೆಸಿಕೊಳ್ಳಿ, ಸಾಕು ಎಂದುಬಿಡುತ್ತಾರೆ. ಹಾಪ್ಕಿನ್ಸ್ ಪ್ರಕರಣ ನೋಡಿದರೆ ಆ ಸಲಹೆ ಅರ್ಧ ಮಾತ್ರ ಸರಿ ಎಂದು ಕಾಣುತ್ತದೆ. ಮುಖಪರಿಚಯ ಸುದ್ದಿ ತರುತ್ತದೆ. ಆದರೆ ನಿಮ್ಮನ್ನು ಅಳೆಯಲು ಕೂತಾಗ ಅದೇ ಮುಖಪರಿಚಯ ಅಪಾಯ. ಒಂದು ಸಲ ಮೀಟಿಂಗ್‌ನಲ್ಲಿ ನೋಡಿದ್ದು, ಯಾರೋ ಹೇಳಿದ್ದು, ಇಷ್ಟರಲ್ಲೇ ಒಂದು ಅಭಿಪ್ರಾಯ ಕಟ್ಟಿಕೊಳ್ಳುತ್ತಾರೆ. ಜೋಯಲ್ ಪೊಡೊಲ್ನಿ ಮತ್ತು ಜೇಮ್ಸ್ ಬ್ಯಾರನ್ ಎಂಬ ಸಂಶೋಧಕರು 1997ರಲ್ಲಿ ಒಂದು ಕಂಪನಿಯೊಳಗಿನ ಬಡ್ತಿಗಳನ್ನು ನೋಡಿದಾಗ ಈ ವ್ಯತ್ಯಾಸವೇ ಸಿಕ್ಕಿತು. ಮಾಹಿತಿಗೆ ದೊಡ್ಡದಾಗಿ ಹರಡಿದ, ಒಬ್ಬರಿಗೊಬ್ಬರು ಗೊತ್ತಿಲ್ಲದವರ ಬಳಗ ಒಳ್ಳೆಯದು. ನಮ್ಮ ಮೇಲೆ ಭರವಸೆ ಇಟ್ಟು ತೀರ್ಮಾನ ಮಾಡುವವರ ವಿಷಯದಲ್ಲಿ ಮಾತ್ರ, ಒಬ್ಬರನ್ನೊಬ್ಬರು ಬಲ್ಲ ಒತ್ತಾದ ಬಳಗ ಬೇಕು.

ಕೆಳಗಿನವರಿಗೆ ಮತ ಇಲ್ಲ, ಮಾತು ಇದೆ

ಹಾಪ್ಕಿನ್ಸ್ ಕಡೆಯ ತಪ್ಪನ್ನೂ ಹೇಳಬೇಕು. ಹೇಳದಿದ್ದರೆ ಈ ಪ್ರಕರಣಕ್ಕೆ ಅನ್ಯಾಯ ಮಾಡಿದಂತೆ.

ಅವರು ತಮ್ಮ ಕೈಕೆಳಗಿನವರ ಜೊತೆ ಒರಟಾಗಿ ನಡೆದುಕೊಳ್ಳುತ್ತಿದ್ದರು. ಇದು ಕಟ್ಟುಕಥೆ ಅಲ್ಲ. ಬಡ್ತಿಯ ಮಾತು ಬರುವುದಕ್ಕೆ ಬಹಳ ಮೊದಲೇ, ಸಿಬ್ಬಂದಿಯ ಜೊತೆ ಸರಿಯಾಗಿರಿ ಎಂದು ಮೇಲಿನವರು ಅವರಿಗೆ ಹೇಳಿದ್ದರು. ಆಮೇಲೆ ಸ್ವಲ್ಪ ಸುಧಾರಿಸಿತ್ತು ಎಂದೂ ದಾಖಲೆಯಲ್ಲಿದೆ. ಆದರೂ ಅವರ ಬಗ್ಗೆ ಬಂದ ಬಹುತೇಕ ಎಲ್ಲ ದೂರುಗಳೂ ಇದೇ ವಿಷಯಕ್ಕೆ ಸೇರಿದ್ದವು. ಅವರ ಪರ ಇದ್ದವರು ಕೂಡ ಇದನ್ನು ಬರೆದಿದ್ದರು. ಸಂಸ್ಥೆ ಈ ದೂರುಗಳನ್ನು ಹುಟ್ಟುಹಾಕಿಲ್ಲ ಎಂದು ವಿಚಾರಣಾ ನ್ಯಾಯಾಧೀಶರು ಒಪ್ಪಿದರು.

ಕಷ್ಟದ ಕೆಲಸ ತಲೆಯ ಮೇಲೆ ಹೊತ್ತವರಿಗೆ ಈ ತಪ್ಪು ಸುಲಭವಾಗಿ ಆಗುತ್ತದೆ. ಗಡುವು ಹತ್ತಿರ ಬಂದಿರುತ್ತದೆ. ಕ್ಲೈಂಟ್ ಮುಂದೆ ನಗುತ್ತೇವೆ, ಮೇಲಿನವರ ಮುಂದೆ ತಾಳ್ಮೆ ಇಟ್ಟುಕೊಳ್ಳುತ್ತೇವೆ. ಉಳಿದ ಸಿಟ್ಟೆಲ್ಲ ಕೆಳಗೆ ಇಳಿಯುತ್ತದೆ. ಅವರಿಗೆ ನಮ್ಮ ಬಡ್ತಿಯಲ್ಲಿ ಮತ ಇಲ್ಲ ಎಂದು ಒಳಗೊಳಗೇ ಗೊತ್ತಿರುತ್ತದೆ. ಆದರೆ ಅವರಿಗೆ ಮಾತು ಇದೆ. ಅವರು ಮುಂದಿನ ವರ್ಷ ಬೇರೆ ಪಾಲುದಾರರ ಜೊತೆ ಕೆಲಸ ಮಾಡುತ್ತಾರೆ. ಅಲ್ಲಿ ನಮ್ಮ ಹೆಸರು ಬಂದಾಗ ಏನೋ ಒಂದು ಹೇಳುತ್ತಾರೆ, ಇಲ್ಲವೇ ಹೇಳದೆ ಸುಮ್ಮನಾಗುತ್ತಾರೆ. ಆ ಸುಮ್ಮನಿರುವಿಕೆಯೂ ಮೇಲಕ್ಕೆ ತಲುಪುತ್ತದೆ. ಸಿಬ್ಬಂದಿಯನ್ನು ಚೆನ್ನಾಗಿ ನೋಡಿಕೊಳ್ಳಬೇಕಾದದ್ದು ಬಡ್ತಿಗಾಗಿ ಅಲ್ಲ, ಅದು ಹೇಗಿದ್ದರೂ ಮಾಡಬೇಕಾದದ್ದು. ಆದರೂ ಲೆಕ್ಕ ಹಾಕುವವರಿಗೆ ಈ ಲೆಕ್ಕವೂ ಗೊತ್ತಿರಲಿ.

ಇಲ್ಲಿ ಪ್ರಕರಣ ತಿರುಗುತ್ತದೆ. ಒರಟುತನ ನಿಜ. ಆದರೆ ಅದನ್ನು ಹೇಳಿದ ಬಗೆ ನೋಡಿ. ಒಬ್ಬರು ಅವರನ್ನು ಗಂಡುಬೀರಿ ಎನ್ನುವ ಅರ್ಥದಲ್ಲಿ ಬರೆದರು. ಇನ್ನೊಬ್ಬರು, ಹೆಂಗಸಾಗಿರುವ ಕೊರತೆ ತುಂಬಿಕೊಳ್ಳಲು ಅತಿ ಮಾಡುತ್ತಾರೆ ಎಂದರು. ಮತ್ತೊಬ್ಬರು, ನಯ ನಾಜೂಕು ಕಲಿಸುವ ಶಾಲೆಗೆ ಸೇರಲಿ ಎಂದರು. ಅವರು ಬೈಗುಳ ಬಳಸುತ್ತಾರೆ ಎಂದು ಕೆಲವರು ದೂರಿದಾಗ, ಹೆಂಗಸು ಬೈದಳು ಎಂದು ತಾನೇ ನಿಮಗೆ ಬೇಜಾರು ಎಂದು ಒಬ್ಬ ಪಾಲುದಾರರೇ ಕೇಳಿದರು. ಹಿಂದಿನ ವರ್ಷಗಳಲ್ಲಿ ಒಬ್ಬ ಪಾಲುದಾರ, ಯಾವ ಹೆಂಗಸನ್ನೂ ಪಾಲುದಾರಿಕೆಗೆ ಗಂಭೀರವಾಗಿ ಪರಿಗಣಿಸಲಾರೆ ಎಂದು ಮತ್ತೆ ಮತ್ತೆ ಹೇಳಿದ್ದರು. ಸಂಸ್ಥೆ ಅವರನ್ನು ತಡೆಯಲಿಲ್ಲ. ಅವರ ಮತವನ್ನೂ ಉಳಿದವರ ಮತದ ಜೊತೆ ಸೇರಿಸಿ ಎಣಿಸಿತು.

ಗುತ್ತಿಗೆ ತರಲು ಗಟ್ಟಿತನ ಬೇಕು. ಗಟ್ಟಿಯಾಗಿದ್ದರೆ ಹೆಂಗಸಲ್ಲ ಎನ್ನುತ್ತಾರೆ. ಮೆತ್ತಗಿದ್ದರೆ ಈ ಕೆಲಸಕ್ಕೆ ಆಗುವುದಿಲ್ಲ ಎನ್ನುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕಿಸಿದ ಹಾಗೆ. ಈ ಇಕ್ಕಟ್ಟನ್ನು ಸುಪ್ರೀಂ ಕೋರ್ಟ್ ಕೂಡ ಗುರುತಿಸಿತು. ಒಬ್ಬರ ನಡವಳಿಕೆಯ ದೋಷ ತಿಳಿ ಬಣ್ಣದ ಉಡುಪಿನಿಂದಲೋ ತುಟಿಯ ಬಣ್ಣದಿಂದಲೋ ಸರಿಹೋಗುವುದಾದರೆ, ನಿಜವಾಗಿ ದೂರು ಇದ್ದದ್ದು ನಡವಳಿಕೆಯ ಮೇಲೆ ಅಲ್ಲ, ಆಕೆ ಹೆಣ್ಣಾಗಿರುವುದರ ಮೇಲೆ ಇರಬಹುದು ಎಂಬ ಅರ್ಥದ ಮಾತು ತೀರ್ಪಿನಲ್ಲಿದೆ. ನನಗೆ ಇಡೀ ತೀರ್ಪಿನಲ್ಲಿ ಬಹಳ ಹಿಡಿಸಿದ ಮಾತು ಅದು.

ತಡೆಹಿಡಿದ ಆ ವರ್ಷ

ತಡೆಹಿಡಿದದ್ದು ಅಂದರೆ ಬಾಗಿಲು ಮುಚ್ಚಿದ್ದು ಅಲ್ಲ. ಮುಂದಿನ ವರ್ಷ ಮತ್ತೆ ಹೆಸರು ಹೋಗಬಹುದು. ಹಾಗಾಗಿ ಈ ಅವಧಿಯೇ ನನಗೆ ಪ್ರಕರಣದ ಜೀವ ಎನಿಸುತ್ತದೆ.

ಶುರುವಿನಲ್ಲಿ ಹೇಳಿದ ಆ ಸಲಹೆಯನ್ನು ಮತ್ತೊಮ್ಮೆ ನೋಡೋಣ. ಅದನ್ನು ಕೊಟ್ಟವರು ಹಾಪ್ಕಿನ್ಸ್ ಒಳಿತಿಗೇ ಹೇಳಿರಬಹುದು. ಮೇಲಿನವರ ಮನಸ್ಸಿನಲ್ಲಿ ಏನಿದೆ ಎಂದು ಅವರಿಗೆ ಗೊತ್ತಿತ್ತು, ಅದನ್ನೇ ಹೇಳಿದರು. ಆದರೆ ಬೆಂಬಲಿಗರು ಮಾಡಬೇಕಾದ ಕೆಲಸ ಎರಡು. ಒಂದು, ನಮಗೆ ನಿಜ ಹೇಳುವುದು. ಇನ್ನೊಂದು, ಆ ಕೋಣೆಗೆ ವಾಪಸ್ ಹೋಗಿ ನಮ್ಮ ಪರ ವಾದ ಮಾಡುವುದು. ಒಡವೆ, ಮೇಕಪ್ ಬಿಡಿ, ಈಕೆ ತಂದ ಕೆಲಸ ನೋಡಿ ಎಂದು ಅಲ್ಲಿ ಗಟ್ಟಿಯಾಗಿ ಹೇಳುವವರು ಬೇಕಿತ್ತು. ಇಲ್ಲಿ ಬದಲಾಗಬೇಕಾದ ಭಾರವೆಲ್ಲ ಹಾಪ್ಕಿನ್ಸ್ ಮೇಲೆ ಬಿತ್ತು.

ಸಲಹೆ ಕೊಡುವವರು ಬೇರೆ, ತಮ್ಮ ಹೆಸರನ್ನೇ ಪಣಕ್ಕಿಟ್ಟು ನಮ್ಮನ್ನು ಮುಂದೆ ತಳ್ಳುವವರು ಬೇರೆ. 2010ರಲ್ಲಿ ಹರ್ಮಿನಿಯಾ ಇಬಾರಾ ಎಂಬ ಸಂಶೋಧಕಿ ಮತ್ತು ಸಂಗಡಿಗರು ಇದನ್ನೇ ಬರೆದರು. ಹೆಂಗಸರಿಗೆ ಮಾರ್ಗದರ್ಶನ ಬೇಕಾದಷ್ಟು ಸಿಗುತ್ತದೆ, ಹೀಗೆ ಮುಂದೆ ತಳ್ಳುವವರು ಗಂಡಸರಿಗೆ ಸಿಕ್ಕಷ್ಟು ಸಿಗುವುದಿಲ್ಲ, ಬಡ್ತಿಯಲ್ಲಿ ಹಿಂದೆ ಬೀಳುವುದಕ್ಕೆ ಇದೂ ಕಾರಣ ಎಂದು. ನಿಮಗೆ ಹತ್ತು ಜನ ಹಿರಿಯರು ಗೊತ್ತಿರಬಹುದು. ಅವರಲ್ಲಿ ಎಷ್ಟು ಜನ ನಿಮಗಾಗಿ ಇನ್ನೊಬ್ಬ ಹಿರಿಯರ ಜೊತೆ ವಾದಕ್ಕೆ ಇಳಿಯುತ್ತಾರೆ? ಹಾಗೆ ಎಣಿಸಿದಾಗ ಸಾಮಾನ್ಯವಾಗಿ ಒಬ್ಬರೋ ಇಬ್ಬರೋ ಉಳಿಯುತ್ತಾರೆ.

ಹಾಪ್ಕಿನ್ಸ್‌ಗೆ ಆ ಒಬ್ಬಿಬ್ಬರೇ ಕಡಿಮೆಯಾದರು. ಮತ್ತೆ ಹೆಸರು ಕಳಿಸುವ ಹೊತ್ತಿಗೆ ಅವರದೇ ಕಚೇರಿಯ ಇಬ್ಬರು ಪಾಲುದಾರರು ಬೆಂಬಲ ಹಿಂದಕ್ಕೆ ಪಡೆದರು. ಹೆಸರು ಹೋಗಲೇ ಇಲ್ಲ. ಅವರು ರಾಜೀನಾಮೆ ಕೊಟ್ಟರು.

662 ಜನರ ಸಂಸ್ಥೆಯಲ್ಲಿ ಬಾಗಿಲು ಮುಚ್ಚಲು ಇಬ್ಬರು ಸಾಕಾದರು. ಏಕೆಂದರೆ ಮೊದಲ ಮೆಟ್ಟಿಲು ಸ್ವಂತ ಕಚೇರಿಯದು. ದೂರದ ಕ್ಲೈಂಟ್ ಎಷ್ಟು ಹೊಗಳಿದರೂ, ಪಕ್ಕದ ಕೋಣೆಯವರು ಕೈಬಿಟ್ಟರೆ ಆ ಹೊಗಳಿಕೆ ಮೇಲಕ್ಕೆ ತಲುಪುವ ದಾರಿಯೇ ಇಲ್ಲ. ತಡೆಹಿಡಿದ ವರ್ಷದಲ್ಲಿ ಇರುವವರಿಗೆ ನನ್ನ ಮಾತು ಇದು. ಹೊಸ ಪರಿಚಯಕ್ಕೆ ಓಡುವ ಮೊದಲು, ಈಗಾಗಲೇ ನಿಮ್ಮ ಪರ ಇರುವವರ ಹತ್ತಿರ ಹೋಗಿ. ಈ ವರ್ಷ ನೀವು ನನ್ನ ಬಗ್ಗೆ ಏನು ಹೇಳಲು ಸಿದ್ಧರಿದ್ದೀರಿ, ಏನು ಹೇಳಲು ಹಿಂಜರಿಕೆ ಇದೆ ಎಂದು ನೇರವಾಗಿ ಕೇಳಿ. ಕೇಳಲು ಮುಜುಗರ ಆಗುತ್ತದೆ. ಬೆಂಬಲ ಹೋಗಿದೆ ಎಂದು ಕೊನೆಯ ದಿನ ತಿಳಿಯುವುದಕ್ಕಿಂತ ಆ ಮುಜುಗರ ಎಷ್ಟೋ ವಾಸಿ. ಆಮೇಲೆ, ಗೊತ್ತಿಲ್ಲ ಎಂದು ಬರೆದವರ ಜೊತೆ ಒಂದು ಸಣ್ಣ ಕೆಲಸವನ್ನಾದರೂ ಕೂಡಿ ಮಾಡಿ. ವಿರೋಧಿಗಳ ಮನಸ್ಸು ತಿರುಗಿಸುವುದಕ್ಕಿಂತ ಅದು ಸುಲಭ. ಅವರಿಗೆ ನಿಮ್ಮ ಮೇಲೆ ಸಿಟ್ಟೇನೂ ಇಲ್ಲ, ನಿಮ್ಮನ್ನು ಕಂಡಿಲ್ಲ ಅಷ್ಟೇ.

ಹೀಗೆ ಹೇಳುವಾಗ ಒಂದು ಅಳುಕೂ ಇದೆ. ಇಂಥ ಸಂಬಂಧ ಕಟ್ಟುವುದು ಎಲ್ಲರಿಗೂ ಒಂದೇ ಅಲ್ಲ. 655 ಗಂಡಸರು, 7 ಹೆಂಗಸರು ಇರುವ ಬಳಗದಲ್ಲಿ ಬೇರೆ ಅಭ್ಯರ್ಥಿಗಳಿಗೆ ತಾನಾಗಿಯೇ ಸಿಗುವ ಸಲಿಗೆಯನ್ನು ಅಲ್ಲಿನ ಒಬ್ಬಳೇ ಅಭ್ಯರ್ಥಿ ಬೆವರು ಸುರಿಸಿ ಗಳಿಸಬೇಕು. ಹಾಗಾಗಿ ಅರ್ಧ ಕೆಲಸ ಸಂಸ್ಥೆಯದು. ಚಿಕ್ಕ ಫಾರಂ ತುಂಬಿದವರ ಮಾತಿಗೆ ಉದ್ದದ ಫಾರಂನಷ್ಟೇ ಬೆಲೆ ಕೊಡಬಾರದು. ನೀವು ಈ ವ್ಯಕ್ತಿಯ ಜೊತೆ ಯಾವ ಕೆಲಸ ಮಾಡಿದ್ದೀರಿ, ಎಷ್ಟು ದಿನ ಎಂದು ಪ್ರತಿ ಅಭಿಪ್ರಾಯದ ಮೇಲೂ ಬರೆಸಬೇಕು. ಒರಟು ಎಂದು ಬರೆದವರಿಗೆ, ಯಾವಾಗ, ಯಾರ ಜೊತೆ, ಏನಾಯಿತು ಎಂದು ಕೇಳಬೇಕು. ಪ್ರೈಸ್ ವಾಟರ್‌ಹೌಸ್‌ನಲ್ಲಿ ಅಭಿಪ್ರಾಯ ಬರೆದವರನ್ನು ಸಮಿತಿ ಭೇಟಿಯಾಗುತ್ತಿತ್ತು. ಹೆಂಗಸು ಎಂಬ ಕಾರಣಕ್ಕೆ ಬಂದ ಮಾತನ್ನು ಅಲ್ಲೇ ಬೇರ್ಪಡಿಸಬಹುದಿತ್ತು. ಹಾಗೆ ಆಗಲಿಲ್ಲ ಎನ್ನುವುದೇ ಕೋರ್ಟಿನಲ್ಲಿ ಸಂಸ್ಥೆಗೆ ಮುಳುವಾಯಿತು.

ಆಮೇಲೆ

ಕೋರ್ಟಿನ ದಾರಿ ಉದ್ದವಾಗಿತ್ತು. 1985ರಲ್ಲಿ ವಿಚಾರಣಾ ನ್ಯಾಯಾಲಯ, 1987ರಲ್ಲಿ ಮೇಲ್ಮನವಿ, 1989ರಲ್ಲಿ ಸುಪ್ರೀಂ ಕೋರ್ಟ್. ಹೆಂಗಸು ಎಂಬ ಕಾರಣವೂ ತೀರ್ಮಾನದಲ್ಲಿ ಸೇರಿತ್ತು ಎಂದು ತೋರಿಸಿದರೆ, ಅದಿಲ್ಲದಿದ್ದರೂ ಇದೇ ತೀರ್ಮಾನ ಮಾಡುತ್ತಿದ್ದೆವು ಎಂದು ಸಾಬೀತು ಮಾಡುವ ಹೊರೆ ಸಂಸ್ಥೆಯದು ಎಂದಾಯಿತು. ಪ್ರಕರಣ ಮತ್ತೆ ಕೆಳಗೆ ಬಂತು. ಸಂಸ್ಥೆಗೆ ಅದನ್ನು ಸಾಬೀತು ಮಾಡಲು ಆಗಲಿಲ್ಲ. ಹಾಪ್ಕಿನ್ಸ್ ಅವರನ್ನು ಪಾಲುದಾರರಾಗಿ ಸೇರಿಸಿಕೊಳ್ಳಿ ಎಂದು 1990ರಲ್ಲಿ ನ್ಯಾಯಾಧೀಶರು ಆದೇಶಿಸಿದರು. ಕಳೆದ ವರ್ಷಗಳ ಬಾಕಿ ವೇತನವೂ ಸಿಕ್ಕಿತು.

ಹಣ ತೆಗೆದುಕೊಂಡು ಬೇರೆ ಕಡೆ ಇರಬಹುದಿತ್ತು. ಈ ನಡುವೆ ಅವರು ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಆದರೆ 1991ರಲ್ಲಿ ಅದೇ ಸಂಸ್ಥೆಗೆ, ತಮ್ಮ ಬಗ್ಗೆ ಅಷ್ಟೆಲ್ಲ ಬರೆದವರ ನಡುವೆ, ಪಾಲುದಾರರಾಗಿ ವಾಪಸ್ ಹೋದರು. ಕುರ್ಚಿಯನ್ನು ಕೋರ್ಟ್ ಕೊಡಿಸಿತ್ತು. ಸಹೋದ್ಯೋಗಿಗಳ ವಿಶ್ವಾಸವನ್ನು ಯಾವ ಆದೇಶವೂ ಕೊಡಿಸುವುದಿಲ್ಲ. ಅದನ್ನು ಅವರು ಮೊದಲ ದಿನದಿಂದ ಮತ್ತೆ ಕಟ್ಟಬೇಕಿತ್ತು, ತಮ್ಮ ಹಾಗೆಯೇ ನಡೆದು, ತಮ್ಮ ಹಾಗೆಯೇ ಮಾತಾಡಿ.